ಮಾಡಿನ ಮೇಲಿನ ಪಂಚಾಂಗ



ಶಿವಮೊಗ್ಗದ ಗೋಪಾಳದಲ್ಲಿ ನಿಮಗೆ ನೆಂಟರಿದ್ದರೆ, ಮುಂದಿನ ಸಲ ಹೋದಾಗ ಕಾಫಿ ಕುಡಿದ ಮೇಲೆ ಅವರ ತಾರಸಿಯನ್ನು ಒಮ್ಮೆ ಹತ್ತಿ ನೋಡಿ. ಸುತ್ತ ಮನೆಗಳು, ಮುಖ್ಯ ರಸ್ತೆಯ ಕಡೆಗೆ ಅಂಗಡಿ ಸಾಲು, ಹೋಟೆಲು, ಬ್ಯಾಂಕು, ಆಸ್ಪತ್ರೆ, ಮದುವೆಯ ಛತ್ರ. ರಸ್ತೆಯಲ್ಲಿ ನಿಂತರೆ ಇವೆಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಕುಲ. ಎಲ್ಲದರ ತಲೆಯ ಮೇಲೂ ಕಪ್ಪು ನೀರಿನ ಟ್ಯಾಂಕು, ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಮಲಗಿದ ಸೋಲಾರ್ ಹೀಟರು, ಕಟ್ಟಡ ಸ್ವಲ್ಪ ದೊಡ್ಡದಾದರೆ ಸಾಲಾಗಿ ಕುಳಿತ ಏಸಿಯ ಬಿಳಿ ಪೆಟ್ಟಿಗೆಗಳು. ಕೆಳಗಿರುವವರನ್ನು ಬೆಚ್ಚಗಿಡುವ ಯಂತ್ರವೂ ತಣ್ಣಗಿಡುವ ಯಂತ್ರವೂ ಈಗ ಮಾಡಿನ ಮೇಲೆಯೇ ಇವೆ.

ಇವನ್ನು ವರ್ಷಕ್ಕೆ ಎಷ್ಟು ಸಲ, ಯಾವ ತಿಂಗಳಲ್ಲಿ ಯಾರಾದರೂ ಹತ್ತಿ ನೋಡುತ್ತಾರೆ ಎಂದು ನಿಮ್ಮ ನೆಂಟರನ್ನೇ ಕೇಳಿ. 'ಕೆಟ್ಟಾಗ ಕರೆಸುತ್ತೇವೆ' ಎಂಬ ಉತ್ತರ ಬರುವುದೇ ಹೆಚ್ಚು. ಇದೇ ಪ್ರಶ್ನೆಯನ್ನು ಅವರ ಅಜ್ಜನಿಗೆ ಕೇಳಿದ್ದರೆ ಅವರು ತಿಂಗಳನ್ನಲ್ಲ, ಮಳೆಯ ನಕ್ಷತ್ರವನ್ನು ಹೆಸರಿಸಿ ಉತ್ತರ ಹೇಳುತ್ತಿದ್ದರು. ಮಾಡಿನ ಆರೈಕೆಗೆ ನಮ್ಮಲ್ಲಿ ಒಂದು ಪಂಚಾಂಗವಿತ್ತು. ಅದು ಹೇಗಿತ್ತು, ಎಲ್ಲಿ ಕೈತಪ್ಪಿತು, ಈಗ ಅದರ ಜಾಗಕ್ಕೆ ಯಾವುದು ಬಂದು ಕುಳಿತಿದೆ ಎಂಬುದನ್ನು ನೋಡೋಣ. ಟಿವಿಯ ಪರದೆಯ ಮೇಲೆ ತೋರಿಸುವಂಥ ಚಂದದ ದೃಶ್ಯ ಇದರಲ್ಲಿ ಹೆಚ್ಚಿಲ್ಲ. ಆದ್ದರಿಂದ ಪುಟದಲ್ಲಿ ಹೇಳುವುದೇ ಅನುಕೂಲ.

ಮೊದಲು ಮಳೆಯ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು ೯೦ ಕಿಲೋಮೀಟರು ಬಂದರೆ ಶಿವಮೊಗ್ಗ. ಇಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಹಾಗಾಗಿ ಈ ಊರು ಮಲೆನಾಡಿನ ಬಾಗಿಲೂ ಹೌದು, ಬಯಲುಸೀಮೆಯ ಅಂಚೂ ಹೌದು. ಏಪ್ರಿಲ್‌ನಲ್ಲಿ ಬಯಲುಸೀಮೆಯ ಬಿಸಿಲು, ಜುಲೈನಲ್ಲಿ ಮಲೆನಾಡಿನ ಶೀತ. ಇಲ್ಲಿಯ ಮಾಡು ಎರಡಕ್ಕೂ ಉತ್ತರ ಹೇಳಬೇಕು.

ಹಳೆಯ ಉತ್ತರ ಸೋಗೆ ಮತ್ತು ಹುಲ್ಲು. ಅಡಿಕೆ ತೋಟವಿದ್ದ ಕಡೆ ಒಣಗಿದ ಅಡಿಕೆ ಗರಿ, ಅಂದರೆ ಸೋಗೆ. ಗದ್ದೆಯ ಬದಿಯಲ್ಲಿ ಹುಲ್ಲು. ಬೇಸಿಗೆಯಲ್ಲಿ ಇದರಷ್ಟು ತಂಪಾದ ಮಾಡು ಇನ್ನೊಂದಿಲ್ಲ, ಆದರೆ ಆಯಸ್ಸು ಕಡಿಮೆ. ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಹೊದಿಸಬೇಕು. ಈ ಕೆಲಸಕ್ಕೆ ಗಡುವು ಕೊಡುತ್ತಿದ್ದುದು ಮಳೆ ನಕ್ಷತ್ರಗಳು. ಏಪ್ರಿಲ್ ೨೭ರ ಸುಮಾರಿಗೆ ಭರಣಿ, ಮೇ ೧೧ಕ್ಕೆ ಕೃತ್ತಿಕೆ, ೨೫ಕ್ಕೆ ರೋಹಿಣಿ, ಜೂನ್ ೮ರ ಹೊತ್ತಿಗೆ ಮೃಗಶಿರ. ಮೃಗಶಿರದಲ್ಲಿ ಮುಂಗಾರು ನಿಲ್ಲುತ್ತದೆ ಎಂದಿಟ್ಟುಕೊಂಡರೂ ಭರಣಿ, ಕೃತ್ತಿಕೆಗಳ ಗುಡುಗು ಮಳೆ ಕಾಯುವುದಿಲ್ಲ. ಹಾಗಾಗಿ ಯುಗಾದಿ ಕಳೆದ ಮೇಲೆ ಊರಿಗೆ ಊರೇ ಮಾಡಿನ ಮೇಲಿರುತ್ತಿತ್ತು. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಕೈಗೆ ಕೈ ಸೇರಿಸಿ ಮಾಡುತ್ತಿದ್ದ ಕೆಲಸ ಅದು. ಕೂಲಿಗಿಂತ ಹೆಚ್ಚಾಗಿ ಮುಯ್ಯಿ.

ಇನ್ನೊಂದು ಸಂಗತಿಯನ್ನು ಇತಿಹಾಸಕಾರರು ಅಷ್ಟಾಗಿ ಬರೆದಿಲ್ಲ; ಅಡುಗೆಮನೆಯಲ್ಲಿ ಬೆಳೆದವರಿಗೆ ಗೊತ್ತು. ಸೋಗೆ ಮಾಡಿಗೆ ಹೊಗೆಗೂಡು ಇರಲಿಲ್ಲ. ಒಲೆಯ ಹೊಗೆ ಅಟ್ಟದ ಸಂದಿಯಿಂದ ಏರಿ, ಗರಿಗಳ ಮಧ್ಯೆ ನುಸುಳಿ ನಿಧಾನವಾಗಿ ಹೊರಗೆ ಹೋಗುತ್ತಿತ್ತು. ಕಣ್ಣಿಗೆ ಅದು ಶಿಕ್ಷೆ, ಹೆಂಗಸರ ಶ್ವಾಸಕೋಶಕ್ಕಂತೂ ನಿಜವಾದ ಶಿಕ್ಷೆ. ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಆ ಹೊಗೆಯೇ ಆರಿದ್ರೆ, ಪುನರ್ವಸು ಮಳೆಯ ದಿನಗಳಲ್ಲಿ ಬಿದಿರು, ಅಡಿಕೆ ದಬ್ಬೆಗಳನ್ನು ಒಣಗಿಸಿಡುತ್ತಿತ್ತು, ಹುಳು ಹಿಡಿಯದಂತೆ ಕಾಯುತ್ತಿತ್ತು. ಒಲೆ ಉರಿಯದೆ ಬಾಗಿಲು ಹಾಕಿದ ಮನೆಯ ಮಾಡು ಬೇಗ ಕುಸಿಯುತ್ತದೆ ಎಂಬುದು ಬರೀ ಭಾವನೆಯ ಮಾತಲ್ಲ. ಮನೆಯನ್ನು ಬೆಚ್ಚಗಿಡುವ ಬೆಂಕಿಯೇ ಮಾಡನ್ನೂ ದಿನದಿನವೂ ದುರಸ್ತಿ ಮಾಡುತ್ತಿತ್ತು.

ಸೋಗೆಯ ಪಕ್ಕದಲ್ಲೇ ಕುಂಬಾರನ ಕೈಹೆಂಚು, ಅಂದರೆ ನಾಡಹೆಂಚು ಇತ್ತು. ಮಂಗಳೂರು ಹೆಂಚು ಬಂದದ್ದು ಆಮೇಲೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಆ ವಿನ್ಯಾಸದ ಮೂಲ ಫ್ರಾನ್ಸಿನ ಅಲ್ಸೇಸ್ ಸೀಮೆಯದು. ಅಲ್ಲಿ ಗಿಲಾರ್ಡೋನಿ ಸಹೋದರರು ೧೮೪೧ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಹಾಗೆ ನೋಡಿದರೆ ನಮ್ಮ ಮಲೆನಾಡಿನ ಮನೆಯ ಗುರುತು ಎಂದು ನಾವು ಹೆಮ್ಮೆಪಡುವ ಕೆಂಪು ಹೆಂಚು ದೂರದ ಊರಿನ ನೆಂಟ. ಘಟ್ಟ ಹತ್ತಿದ ಗಾಡಿಗಳಲ್ಲಿ, ಮುಂದೆ ರೈಲಿನಲ್ಲಿ, ಲಾರಿಗಳಲ್ಲಿ ಅದು ಪೇಟೆಗೆ ಬಂತು. ಅಂಗಡಿ, ಮಂಡಿ, ಶಾಲೆ, ಕಚೇರಿ, ಎಲ್ಲಕ್ಕೂ ಅದೇ ಹೊದಿಕೆಯಾಯಿತು.

ಹೆಂಚು ಬಂದರೂ ಪಂಚಾಂಗ ಬದಲಾಗಲಿಲ್ಲ. ವರ್ಷವೂ ಹೊದಿಸುವುದು ತಪ್ಪಿತು, ವರ್ಷವೂ ಕೈಯಾಡಿಸುವುದು ಉಳಿಯಿತು. ಮಂಗ ಕುಣಿದು ಸರಿಸಿದ್ದು, ತೆಂಗಿನಕಾಯಿ ಬಿದ್ದು ಒಡೆದದ್ದು, ಪಾಚಿ ಹಿಡಿದದ್ದು, ಗೆದ್ದಲು ತಿಂದ ರೀಪು, ಎಲೆ ಕಟ್ಟಿಕೊಂಡ ತಗಡಿನ ದೋಣಿ, ಇಷ್ಟನ್ನೂ ಬೇಸಿಗೆಯಲ್ಲಿ ಒಂದು ದಿನ ನೋಡಿ ಮುಗಿಸಬೇಕು. ಕೈಯಾಡಿಸುವವನು ಬರಿಗಾಲಲ್ಲಿ ಹತ್ತುತ್ತಿದ್ದ. ಹೆಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ, ಕೆಳಗೆ ರೀಪು ಇರುವ ಕಡೆಯೇ ಹೆಜ್ಜೆ ಇಡಬೇಕು. ಆ ರೀಪು ಎಲ್ಲಿದೆ ಎಂಬುದು ಅವನ ಪಾದಕ್ಕೆ ಗೊತ್ತು. ಮುಗಿದ ಮೇಲೆ ಮನೆಯವರನ್ನು ಒಳಗೆ ಕರೆದು, ಬಾಗಿಲು ಮುಚ್ಚಿಸಿ, ಕತ್ತಲಲ್ಲಿ ಮೇಲೆ ನೋಡಿ ಎನ್ನುತ್ತಿದ್ದ. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಸೋರುತ್ತದೆ. ಇದಕ್ಕಿಂತ ಸರಳವಾದ ತಪಾಸಣೆ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲಿದೆ ಹೇಳಿ!

ಇದು ಮಾಡಿನ ಮಾತಾಯಿತು. ಬಿಸಿನೀರಿನ ಮಾತು ಬಚ್ಚಲುಮನೆಗೆ ಸೇರಿದ್ದು. ಅಲ್ಲಿ ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಒಲೆ, ಒಲೆಗೆ ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಮೊಟ್ಟೆ. ಇದರ ವಾರ್ಷಿಕ ದುರಸ್ತಿಗೆ ನಮ್ಮ ಹಿರಿಯರು ಒಂದು ಹಬ್ಬವನ್ನೇ ಇಟ್ಟಿದ್ದರು: ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬ. ಹಂಡೆಯ ಹೊರಗಿನ ಮಸಿಯನ್ನು ಕೆರೆದು, ಒಳಗಿನ ಕರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆಯ ಬೂದಿ ತೆಗೆದು, ಬಿರುಕಿಗೆ ಮಣ್ಣು ಮೆತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬಾವಿಯಿಂದ ಹೊಸ ನೀರು ಸೇದಿ ತುಂಬಬೇಕು. ಹಂಡೆಯ ಕೊರಳಿಗೆ ಬಳ್ಳಿ, ಹೂವು. ಮಸಿ ದಪ್ಪವಾದರೆ ನೀರು ಕಾಯುವುದು ತಡವಾಗುತ್ತದೆ, ಒಳಗೆ ಗಟ್ಟಿ ಕರೆ ಕಟ್ಟಿದರೂ ಅಷ್ಟೇ. ಸೌದೆ ಸುಮ್ಮನೆ ಸುಡುತ್ತದೆ. ಹಬ್ಬದ ಹೆಸರಿನಲ್ಲಿ ಮಾಡುತ್ತಿದ್ದುದು ಶುದ್ಧ ಶಾಖವಿಜ್ಞಾನ. ದಿನವನ್ನೂ ಗಮನಿಸಿ: ಮಳೆ ಮುಗಿದು ಸ್ವಾತಿ ನಕ್ಷತ್ರದ ಆಸುಪಾಸು, ಚಳಿ ಕಾಲಿಡುವ ಮುಂಚೆ.

ಇವೆರಡರ ಮಧ್ಯೆ ಮಹಾನವಮಿಯ ಆಯುಧಪೂಜೆ. ಭದ್ರಾವತಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ೧೯೧೮ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕಬ್ಬಿಣ ಕರಗಿಸಿತು. ಕಾರ್ಖಾನೆಯ ಬದುಕು ಬಂದ ಊರುಗಳಲ್ಲಿ ಆಯುಧಪೂಜೆ ಎಂದರೆ ಕುಡುಗೋಲು ನೇಗಿಲುಗಳ ಜೊತೆಗೆ ಲೇತು, ಮೋಟಾರು, ಲಾರಿಗಳ ಹಬ್ಬವೂ ಆಯಿತು. ಕುಂಕುಮ ಹಚ್ಚುವ ಮೊದಲು ಒರೆಸಬೇಕು, ಒರೆಸುವಾಗ ಸಡಿಲವಾದ ಬೋಲ್ಟು ಕಣ್ಣಿಗೆ ಬೀಳುತ್ತದೆ, ಎಣ್ಣೆ ಸೋರಿದ್ದು ಕೈಗೆ ಅಂಟುತ್ತದೆ. ಯಂತ್ರಕ್ಕೂ ಪಂಚಾಂಗದಲ್ಲಿ ಒಂದು ದಿನ ಸಿಕ್ಕಿತು.

ಮಾಡಿಗೆ ಬೇಸಿಗೆಯ ಕೊನೆ, ಯಂತ್ರಕ್ಕೆ ಮಹಾನವಮಿ, ಹಂಡೆಗೆ ದೀಪಾವಳಿ. ಮೂರು ದಿನ, ಮೂರು ಕೆಲಸ. ಯಾರೂ ಯಾರಿಗೂ ನೆನಪಿಸಬೇಕಾಗಿರಲಿಲ್ಲ.

ಈ ಲೆಕ್ಕ ತಪ್ಪಿದ್ದು ಕಾಂಕ್ರೀಟಿನಿಂದ. ಭದ್ರಾವತಿ ಕಾರ್ಖಾನೆ ಕಬ್ಬಿಣದ ಜೊತೆಗೆ ೧೯೩೦ರ ದಶಕದ ಕೊನೆಗೆ ಸಿಮೆಂಟನ್ನೂ ತಯಾರಿಸತೊಡಗಿತು. ಕಾಂಕ್ರೀಟ್ ಮಾಡಿಗೆ ಬೇಕಾದ ಎರಡು ಮುಖ್ಯ ಸಾಮಗ್ರಿಗಳೂ ಮನೆಬಾಗಿಲಲ್ಲೇ ಹುಟ್ಟಿದವು ಅನ್ನಿ. ಚಪ್ಪಟೆ ತಾರಸಿ ಪ್ರತಿಷ್ಠೆಯ ಗುರುತಾಯಿತು. ಅಡಿಕೆ ಒಣಗಿಸಬಹುದು, ಹಪ್ಪಳ ಹಾಕಬಹುದು, ಮುಂದೆ ಇನ್ನೊಂದು ಅಂತಸ್ತು ಏರಿಸಬಹುದು. ಮಾರುವವರ ಮಾತಿನಲ್ಲಿ ಇನ್ನೂ ದೊಡ್ಡ ಆಕರ್ಷಣೆ ಎಂದರೆ 'ಇದಕ್ಕೆ ವರ್ಷ ವರ್ಷ ಕೈಯಾಡಿಸುವ ರಗಳೆ ಇಲ್ಲ' ಎಂಬುದು. ಜನ ನಂಬಿದರು. ನಾವೂ ನಂಬಿದೆವು.

ಕಾಂಕ್ರೀಟು ಹೆಂಚಿನಂತೆ ಉಸಿರಾಡುವುದಿಲ್ಲ. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ, ಸಂಜೆಯಾದ ಅರ್ಧ ಗಂಟೆಗೆ ಹೆಂಚು ತಣ್ಣಗಾಗುತ್ತದೆ. ಐದಾರು ಅಂಗುಲದ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿದು ರಾತ್ರಿ ಹನ್ನೊಂದರವರೆಗೂ ಅದನ್ನು ಕೆಳಗಿರುವವರ ಮೇಲೆ ಸುರಿಯುತ್ತದೆ. ಅಂಗಡಿಯಲ್ಲಿ ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ. ಹೀಗೆ ಮಾಡು ಮಾಡುತ್ತಿದ್ದ ತಂಪಿನ ಕೆಲಸಕ್ಕೆ ಬೇರೊಂದು ಯಂತ್ರ ಬೇಕಾಯಿತು. ಆ ಯಂತ್ರದ ಹುಟ್ಟಿನ ಕಥೆಗೆ ನಾವು ಸ್ವಲ್ಪ ದೂರ ಹೋಗಬೇಕು.

ನಮ್ಮ ದೇಶದಲ್ಲಿ ಸಾಹೇಬರ ಕಾಲದ ತಂಪು ಎಂದರೆ ಕೂಲಿಯಾಳು ಹಗ್ಗ ಹಿಡಿದು ಎಳೆಯುವ ಪಂಕಾ, ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ. ೧೮೩೩ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಕೆರೆಯ ಮಂಜುಗಡ್ಡೆಯನ್ನೇ ತಂದಿಳಿಸಿದ. ನಾಲ್ಕು ತಿಂಗಳ ದಾರಿಯಲ್ಲಿ ಕರಗಿದ್ದು ಕರಗಿ ಉಳಿದದ್ದಕ್ಕೇ ಊರು ಮುಗಿಬಿತ್ತು. ಲಾವಂಚದ ತಟ್ಟಿ ಕಲಬುರಗಿಯ ಒಣಗಾಳಿಗೆ ಸೊಗಸು. ಗಾಳಿಯೇ ಒದ್ದೆಯಾಗಿರುವ ಕಡೆ ಅದರ ಆಟ ನಡೆಯದು, ಏಕೆಂದರೆ ನೀರು ಆರಿದರೆ ತಾನೆ ತಂಪು? ಈಗಿನ ನೀರಿನ ಕೂಲರುಗಳದ್ದೂ ಇದೇ ಹಣೆಬರಹ. ಶಿವಮೊಗ್ಗದಲ್ಲಿ ಮಾರ್ಚಿನಲ್ಲಿ ತಂಪು ಕೊಟ್ಟ ಕೂಲರು ಜೂನಿನಲ್ಲಿ ಕೋಣೆಗೆ ಮುಗ್ಗಲು ವಾಸನೆ ಕೊಡುತ್ತದೆ.

ಏಸಿ ಹುಟ್ಟಿದ್ದು ಸೆಖೆಯ ವಿರುದ್ಧವಲ್ಲ, ಶೀತದ ವಿರುದ್ಧ ಎಂಬುದು ಬಹಳ ಮಂದಿಗೆ ಆಶ್ಚರ್ಯ ತರುತ್ತದೆ. ೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಣ್ಣದ ಮುದ್ರಣ ಮಾಡುವ ಒಂದು ಛಾಪಖಾನೆಯಲ್ಲಿ ತೊಂದರೆಯಾಯಿತು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ೨೫ ವರ್ಷದ ಎಂಜಿನಿಯರು ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ಅದರ ತೇವವನ್ನು ಅಲ್ಲೇ ಇಳಿಸುವ ಏರ್ಪಾಡು ಮಾಡಿದ. ಕಾಗದ ತೇವ ಕುಡಿಯುವ ಈ ಕಷ್ಟ ೧೯೩೬ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರಿಗೂ, ಆಷಾಢದಲ್ಲಿ ಅಡಿಕೆಗೆ ಬೂಸ್ಟು ಹಿಡಿಯುವುದನ್ನು ನೋಡಿದ ಮಂಡಿಯವರಿಗೂ ಹೊಸದಲ್ಲ. ಮಲೆನಾಡಿನ ಶತ್ರುವನ್ನೇ ಎದುರಿಸಲು ಹುಟ್ಟಿದ ಯಂತ್ರ ಮಲೆನಾಡಿಗೆ ಬರಲು ಬಹುಕಾಲ ಹಿಡಿಯಿತು.

ಮುಂಬೈಯ ರೀಗಲ್ ಚಿತ್ರಮಂದಿರ ೧೯೩೩ರಲ್ಲಿ ಹವಾನಿಯಂತ್ರಣದೊಂದಿಗೇ ತೆರೆಯಿತು. ನಮ್ಮ ಜಿಲ್ಲೆಯಲ್ಲೇ ಜೋಗದ ವಿದ್ಯುತ್ತು ೧೯೪೮ರಲ್ಲಿ ಹುಟ್ಟಿದರೂ ಪೇಟೆಯ ಅಂಗಡಿಗೆ ಏಸಿ ಎಂಬುದು ಬಹಳ ವರ್ಷ ಕನಸಿನ ಮಾತೇ ಆಗಿತ್ತು. ಮೊದಲು ಬ್ಯಾಂಕಿನ ಕಂಪ್ಯೂಟರ್ ಕೋಣೆ, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ. ಆಮೇಲೆ ಬಟ್ಟೆ ಅಂಗಡಿ, ಲಾಡ್ಜು, ಛತ್ರ. ಹೀಗೆ ಬಿಳಿ ಪೆಟ್ಟಿಗೆಗಳು ತಾರಸಿ ಏರಿದವು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಈ ಯಂತ್ರ ಬೆಳೆದ ಅಮೆರಿಕದಲ್ಲಿ ಅಂಗಡಿ, ಶಾಲೆ, ಕಚೇರಿಗಳ ಚಪ್ಪಟೆ ಮಾಡಿನ ಮೇಲೆ ಒಂದೇ ದೊಡ್ಡ ಪೆಟ್ಟಿಗೆ ಇರುವುದು ರೂಢಿ. ಬೇಸಿಗೆಯಲ್ಲಿ ಅದು ತಂಪು ಕೊಡುತ್ತದೆ, ಚಳಿಗಾಲದಲ್ಲಿ ಅದೇ ಗ್ಯಾಸಿನ ಬೆಂಕಿ ಹೊತ್ತಿಸಿ ಬಿಸಿ ಕೊಡುತ್ತದೆ. ಅದಕ್ಕೆ ಅಲ್ಲಿಯವರು ಎರಡು ಸಲದ ಆರೈಕೆ ಇಟ್ಟುಕೊಂಡರು: ವಸಂತದಲ್ಲಿ ತಂಪಿನ ಭಾಗಕ್ಕೆ, ಶರತ್ಕಾಲದಲ್ಲಿ ಬಿಸಿಯ ಭಾಗಕ್ಕೆ. ಅವರ ಹವೆಗೆ ಅದು ಸರಿ. ಪೆಟ್ಟಿಗೆಯ ಜೊತೆಗೆ ಆ ಪಂಚಾಂಗವೂ ಕಿರುಪುಸ್ತಕದಲ್ಲಿ ಸೇರಿ ನಮ್ಮಲ್ಲಿಗೆ ಬಂತು. ವಾರ್ಷಿಕ ನಿರ್ವಹಣೆಯ ಒಪ್ಪಂದ, ಜನರ ಬಾಯಲ್ಲಿ ಎಎಂಸಿ, ಅದನ್ನೇ ಆರು ತಿಂಗಳಿಗೊಮ್ಮೆ ಎಂದು ಅಚ್ಚು ಹಾಕಿತು. ಯಂತ್ರ ಕೊಂಡ ದಿನದಿಂದ ಆರು ತಿಂಗಳ ಎಣಿಕೆ. ಆಗಸ್ಟಿನಲ್ಲಿ ಕೊಂಡವರಿಗೆ ಫೆಬ್ರವರಿ ಮತ್ತು ಆಗಸ್ಟು. ಆಶ್ಲೇಷ ಮಳೆಯಲ್ಲಿ ಯಾರು ತಾರಸಿ ಹತ್ತುತ್ತಾರೆ? ಹುಡುಗ ಬರುತ್ತಾನೆ, ಒಳಗಿನ ಜಾಲರಿ ತೊಳೆಯುತ್ತಾನೆ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಎರಡೇ ಋತು ಎಣಿಸಿದ ಆ ಪುಸ್ತಕದಲ್ಲಿ ನಮ್ಮ ಮಳೆಗಾಲವೇ ಇಲ್ಲ.

ಹೊರಗಿನ ಪೆಟ್ಟಿಗೆಯ ಕೆಲಸವನ್ನು ಬಾವಿಯ ರಾಟೆಗೆ ಹೋಲಿಸಬಹುದು. ಅದು ತಂಪನ್ನು ತಯಾರಿಸುವುದಿಲ್ಲ; ಕೋಣೆಯ ಬಿಸಿಯನ್ನು ಸೇದಿ ತಂದು ತಾರಸಿಯ ಗಾಳಿಗೆ ಸುರಿಯುತ್ತದೆ. ಸುರಿಯುವ ಜಾಗ ಅದರ ಬೆನ್ನಿಗಿರುವ ತೆಳು ತಗಡುಗಳ ಜಾಲ. ರಸ್ತೆಯ ಧೂಳು, ಹತ್ತಿಯ ನಾರು, ಒಣ ಎಲೆ ಆ ಜಾಲವನ್ನು ಮುಚ್ಚಿದರೆ ಬಿಸಿ ಹೊರಗೆ ಹೋಗದೆ ಕಂಪ್ರೆಸರು ಏದುಸಿರು ಬಿಡುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ, ಕೊನೆಗೆ ಸುಡುತ್ತದೆ. ಹಂಡೆಯ ಮಸಿಯದ್ದೇ ಕಥೆ. ಇದನ್ನು ತೊಳೆಯಬೇಕಾದ್ದು ಶಿವರಾತ್ರಿಯ ಹೊತ್ತಿಗೆ, ಬಿಸಿಲು ಏರುವ ಮೊದಲು. ಭರಣಿಗೆ ಮುಂಚೆ ಇನ್ನೊಂದು ಸಲ ಹತ್ತಬೇಕು, ಬೇರೆ ಕಾರಣಕ್ಕೆ: ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಅರ್ಥಿಂಗ್ ತಂತಿ ಸರಿಯಿದೆಯೇ, ಕಬ್ಬಿಣದ ಸ್ಟ್ಯಾಂಡು ತುಕ್ಕು ಹಿಡಿದಿದೆಯೇ, ಕೊಳವೆಯ ಕಪ್ಪು ಹೊದಿಕೆಯನ್ನು ಮಂಗ ಅಥವಾ ಇಲಿ ಕಿತ್ತಿದೆಯೇ, ತಾರಸಿಯ ನೀರು ಹೋಗುವ ಕಿಂಡಿಯಲ್ಲಿ ಎಲೆ ಕಟ್ಟಿದೆಯೇ ಎಂದು ನೋಡಲು. ಹಿಂದೆ ಹೆಂಚು ಕೈಯಾಡಿಸುವವನು ನೋಡುತ್ತಿದ್ದ ಪಟ್ಟಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ಮಂಗ ಕೂಡ ಅದೇ.

ಅಸಡ್ಡೆಯ ಬೆಲೆ ಬರೀ ಕರೆಂಟ್ ಬಿಲ್ಲಿನಲ್ಲಿ ಮುಗಿಯುವುದಿಲ್ಲ ಎಂದು ಜಗತ್ತಿಗೆ ತಿಳಿದದ್ದು ೧೯೭೬ರಲ್ಲಿ. ಆ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬೆಲ್ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆಯಿತು. ಮನೆಗೆ ಮರಳಿದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗಿದರು. ಸಮ್ಮೇಳನಕ್ಕೆ ಬಂದವರಲ್ಲಿ ೧೮೨ ಮಂದಿಗೆ ಕಾಯಿಲೆ, ೨೯ ಮಂದಿಯ ಸಾವು. ಆರು ತಿಂಗಳ ಹುಡುಕಾಟದ ನಂತರ, ೧೯೭೭ರ ಜನವರಿಯಲ್ಲಿ, ಜೋಸೆಫ್ ಮ್ಯಾಕ್‌ಡೇಡ್ ಎಂಬ ವಿಜ್ಞಾನಿ ಅದುವರೆಗೆ ಗೊತ್ತಿರದ ಒಂದು ಬ್ಯಾಕ್ಟೀರಿಯವನ್ನು ಗುರುತಿಸಿದರು. ಅನುಮಾನ ಬಿದ್ದದ್ದು ಹೋಟೆಲಿನ ಹವಾನಿಯಂತ್ರಣದ ನೀರಿನ ಗೋಪುರದ ಮೇಲೆ. ಲೀಜಿಯನೆಲ್ಲ ಎಂದು ಹೆಸರಾದ ಈ ಜೀವಿ ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆದು, ಸಣ್ಣ ಹನಿಗಳ ಮೂಲಕ ಶ್ವಾಸಕೋಶ ಸೇರುತ್ತದೆ.

ಗೋಪಾಳದ ಅಂಗಡಿಗಳ ಸಣ್ಣ ಏಸಿಗಳಲ್ಲಿ ಅಂಥ ನೀರಿನ ಗೋಪುರವಿಲ್ಲ, ಗಾಬರಿ ಬೇಡ. ಆದರೆ ಅದೇ ತಾರಸಿಯ ಮೇಲಿರುವ ಸೋಲಾರ್ ಟ್ಯಾಂಕಿನ ಕಡೆ ತಿರುಗಿ ನೋಡಿ. ಬಚ್ಚಲಿನ ಹಂಡೆ ತಾರಸಿ ಹತ್ತಿದ್ದು ಕಳೆದ ನಾಲ್ಕು ದಶಕಗಳಲ್ಲಿ. ೨೦೦೭ರಲ್ಲಿ ರಾಜ್ಯ ಸರ್ಕಾರ ಆಸ್ಪತ್ರೆ, ಹೋಟೆಲು, ಹಾಸ್ಟೆಲು ಮುಂತಾದ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದ ಮೇಲೆ ವೇಗ ಹೆಚ್ಚಿತು. ಒಳ್ಳೆಯದೇ ಆಯಿತು, ಎಷ್ಟೋ ಸೌದೆ ಉಳಿಯಿತು. ಆದರೆ ಮಲೆನಾಡಿನ ಅಂಚಿನಲ್ಲಿ ಪುನರ್ವಸು, ಪುಷ್ಯ ಮಳೆಯ ವಾರಗಳಲ್ಲಿ ಸೂರ್ಯನೇ ಕಾಣುವುದಿಲ್ಲ. ಟ್ಯಾಂಕಿನ ನೀರು ಕಾಯುವುದೂ ಇಲ್ಲ, ಪೂರ್ತಿ ತಣಿಯುವುದೂ ಇಲ್ಲ, ಉಗುರುಬೆಚ್ಚಗೆ ನಿಂತಿರುತ್ತದೆ. ಸಂಗ್ರಹದ ಬಿಸಿನೀರು ೬೦ ಡಿಗ್ರಿಗಿಂತ ಮೇಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೇ. ಆಸ್ಪತ್ರೆ, ಲಾಡ್ಜು, ಹಾಸ್ಟೆಲು ನಡೆಸುವವರು ಮಳೆಗಾಲದಲ್ಲಿ ಆಗಾಗ ವಿದ್ಯುತ್ ಕಾಯಿಲ್ ಹಾಕಿ ನೀರನ್ನು ಚೆನ್ನಾಗಿ ಕಾಯಿಸುವುದು, ಮಳೆ ನಿಂತ ಮೇಲೆ ಟ್ಯಾಂಕು ಬರಿದು ಮಾಡಿ ತೊಳೆಯುವುದು ಅಗತ್ಯ. ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣದ ಕರೆ, ಗಾಜಿನ ಮೇಲೆ ಪಾಚಿ. ತುಕ್ಕು ತಡೆಯಲು ಒಳಗಿಟ್ಟ ಮೆಗ್ನೀಸಿಯಂ ಸಲಾಕೆ ಕರಗಿ ಮುಗಿದಿರಬಹುದು, ಅದನ್ನೂ ನೋಡಿಸಬೇಕು. ಇದಕ್ಕೆಲ್ಲ ದಿನ ಹುಡುಕಬೇಕೆ? ನೀರು ತುಂಬುವ ಹಬ್ಬ ಪಂಚಾಂಗದಲ್ಲಿ ಇನ್ನೂ ಇದೆ.

ಗ್ಯಾಸಿನ ವಿಷಯಕ್ಕೂ ಒಂದು ಮಾತು. 'ಗ್ಯಾಸು ಮುಗಿದಿದೆ ಸಾರ್, ತುಂಬಿಸಬೇಕು' ಎಂದು ಮೆಕ್ಯಾನಿಕ್ಕು ಹೇಳಿದರೆ ನಾವು ಅಡುಗೆ ಸಿಲಿಂಡರಿನ ಲೆಕ್ಕದಲ್ಲಿ ತಲೆಯಾಡಿಸುತ್ತೇವೆ. ಏಸಿಯ ಗ್ಯಾಸು ಖರ್ಚಾಗುವ ವಸ್ತುವಲ್ಲ, ಅದು ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ್ದನ್ನು ಬೆಸೆಯದೆ ತುಂಬಿಸುವುದು, ಒಡೆದ ಹೆಂಚನ್ನು ಬಿಟ್ಟು ಕೆಳಗೆ ಪಾತ್ರೆ ಇಟ್ಟ ಹಾಗೆ. ಸೋರಿದ ಗ್ಯಾಸು ಎಲ್ಲಿಗೆ ಹೋಗುತ್ತದೆ ಎಂಬುದರ ಲೆಕ್ಕವನ್ನು ೧೯೭೪ರಲ್ಲಿ ಮೊಲೀನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು ಕೊಟ್ಟರು: ಆಗಿನ ಫ್ರಿಜ್ಜು, ಏಸಿಗಳ ಗ್ಯಾಸು ಆಕಾಶದ ಓಜೋನ್ ಪದರವನ್ನೇ ತಿನ್ನುತ್ತದೆ. ೧೯೮೭ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ೧೯೯೨ರಲ್ಲಿ ಸೇರಿತು. ಬದಲಿಗೆ ಬಂದ ಗ್ಯಾಸುಗಳಲ್ಲಿ ಕೆಲವು ಭೂಮಿಯನ್ನು ಬಿಸಿ ಮಾಡುವಂಥವು ಎಂದು ೨೦೧೬ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದವಾಯಿತು. ಭಾರತ ಅದನ್ನು ೨೦೨೧ರಲ್ಲಿ ಅನುಮೋದಿಸಿತು. ನಮ್ಮ ತಾರಸಿಯ ಒಂದು ಸಡಿಲ ನಟ್ಟಿಗೂ ಈ ದೊಡ್ಡ ಕಾಗದಗಳಿಗೂ ಸಂಬಂಧವಿದೆ.

ಕಾಂಕ್ರೀಟಿಗೆ ಕೈಯಾಡಿಸುವ ರಗಳೆ ಇಲ್ಲವೆಂದು ನಂಬಿದ್ದೆವಲ್ಲ, ಅದರ ಮುಂದಿನ ಅಧ್ಯಾಯವೂ ಗೋಪಾಳದ ತಾರಸಿಗಳಲ್ಲೇ ಕಾಣುತ್ತದೆ. ಹತ್ತಿಪ್ಪತ್ತು ಮಳೆಗಾಲಕ್ಕೆ ಚಪ್ಪಟೆ ತಾರಸಿ ಸೋರತೊಡಗಿತು. ಈಗ ಒಂದಾದ ಮೇಲೆ ಒಂದು ಕಟ್ಟಡ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ತಗಡಿನ ಶೀಟು ಹೊದಿಸಿಕೊಳ್ಳುತ್ತಿದೆ. ಅಜ್ಜನ ಮಾಡಿನ ಇಳಿಜಾರು ಮರಳಿ ಬಂದಿದೆ. ಸೋರುವುದು ನಿಂತಿತು, ಕೆಳಗಿನ ಅಂತಸ್ತು ತಂಪಾಯಿತು, ಅಡಿಕೆಗೂ ಬಟ್ಟೆಗೂ ನೆರಳಾಯಿತು. ಒಂದು ತೊಡಕು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ಕೊನೆಯಲ್ಲಿ ಇಲ್ಲಿಯ ಒಂದು ಛತ್ರದಲ್ಲಿ ನಮ್ಮ ಮನೆಯ ಮದುವೆ. ಧಾರೆಯ ಹೊತ್ತಿಗೆ ಒಂದೊಂದಾಗಿ ಏಸಿಗಳು ನಿಂತವು. ಮದುಮಗಳ ಅಜ್ಜಿಗೆ ತಲೆ ಸುತ್ತಿ ಬಂತು. ಅವರನ್ನು ಹೊರಗೆ ಮಾವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಧಾರೆಯನ್ನು ಅವರು ನೋಡಲೇ ಇಲ್ಲ. ಆಮೇಲೆ ನಾನು ಮೆಕ್ಯಾನಿಕ್ಕಿನ ಜೊತೆ ಮೇಲೆ ಹತ್ತಿದೆ. ಆ ವರ್ಷವಷ್ಟೇ ಶೀಟು ಹೊದಿಸಿದ್ದರು, ಮೂರು ಕಡೆ ಮರೆಯನ್ನೂ ಕಟ್ಟಿದ್ದರು. ಪೆಟ್ಟಿಗೆಗಳು ಉಗುಳಿದ ಬಿಸಿಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತಿ, ಮತ್ತ ಅವುಗಳ ಬೆನ್ನಿಗೇ ಹೋಗುತ್ತಿತ್ತು. ಕೈ ಇಟ್ಟರೆ ಸುಡುತ್ತಿತ್ತು. ಎಎಂಸಿಯ ಕಾಗದದಲ್ಲಿ ಎಲ್ಲವೂ ಸರಿಯಿದೆ ಎಂದು ಸಹಿ ಇತ್ತು. ಆ ಸಹಿ ಬಿದ್ದದ್ದು ಹಿಂದಿನ ಮಳೆಗಾಲದಲ್ಲಿ, ಶೀಟು ಬರುವ ಮೊದಲು.

ಮೆಕ್ಯಾನಿಕ್ಕಿಗೆ ಇಪ್ಪತ್ತೈದರೊಳಗಿನ ವಯಸ್ಸು. ನಾಲ್ಕು ಪೆಟ್ಟಿಗೆಗಳು ಶೀಟಿನ ಕೆಳಗಿದ್ದವು, ಎರಡು ಪ್ಯಾರಪೆಟ್ಟಿನ ಹೊರಗೆ ಕಬ್ಬಿಣದ ಚೌಕಟ್ಟಿನ ಮೇಲೆ ಮೂರಂತಸ್ತಿನ ಎತ್ತರದಲ್ಲಿ ತೂಗುತ್ತಿದ್ದವು. 'ಹೊರಗಿನವನ್ನು ಹೇಗೆ ತೊಳೀತೀಯಪ್ಪ?' ಎಂದು ಕೇಳಿದೆ. 'ಒಂದು ಕೈಲಿ ಪೈಪ್ ಹಿಡ್ಕೊಂಡು, ಇನ್ನೊಂದು ಕೈಲಿ ಗೋಡೆ ಹಿಡ್ಕೋತೀನಿ ಸಾರ್' ಎಂದ. ಸೊಂಟಕ್ಕೆ ಕಟ್ಟುವ ಬೆಲ್ಟು ಇಲ್ಲವೇ ಎಂದರೆ ನಕ್ಕ. ಮಳೆಯಲ್ಲಿ ಆ ಗೋಡೆ ಪಾಚಿಗಟ್ಟಿ ಜಾರುತ್ತದಂತೆ, ಆದ್ದರಿಂದ ಆಗಸ್ಟಿನಲ್ಲಿ ಬಂದಾಗ ಅವೆರಡನ್ನು ಮುಟ್ಟುವುದಿಲ್ಲವಂತೆ. ಹೆಂಚಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದವನಿಗೂ ಬೆಲ್ಟು ಇರಲಿಲ್ಲ, ನಿಜ. ಅವನು ಒಣಗಿದ ಮಾಡಿನ ಮೇಲೆ ಹತ್ತುತ್ತಿದ್ದ, ಏಕೆಂದರೆ ದಿನವನ್ನು ಆರಿಸುತ್ತಿದ್ದವನು ಅವನೇ.

ಆ ಛತ್ರದವರು ಮರೆಯನ್ನು ಬಿಚ್ಚಿಸಿದರು. ಈಗ ಶಿವರಾತ್ರಿ ಕಳೆದ ವಾರ ತೊಳೆಸುತ್ತಾರೆ, ಭರಣಿಗೆ ಮುಂಚೆ ಇನ್ನೊಮ್ಮೆ ಕರೆಸುತ್ತಾರೆ, ದೀಪಾವಳಿಯ ಹೊತ್ತಿಗೆ ಸೋಲಾರ್ ಟ್ಯಾಂಕು ಬರಿದು ಮಾಡುತ್ತಾರೆ. ಕಳೆದ ಆಯುಧಪೂಜೆಯ ಸಂಜೆ ಬೇರೊಂದು ಕೆಲಸಕ್ಕೆ ಹೋದವನು ಮೇಲೆ ಹತ್ತಿ ನೋಡಿದೆ. ಒಳಗಿನ ನಾಲ್ಕು ಪೆಟ್ಟಿಗೆಗಳಿಗೂ ಅರಿಶಿನ ಕುಂಕುಮ, ಚೆಂಡುಹೂವಿನ ಸರ. ಪ್ಯಾರಪೆಟ್ಟಿನ ಹೊರಗಿನ ಎರಡಕ್ಕೆ ಯಾರ ಕೈಯೂ ಎಟುಕಿರಲಿಲ್ಲ.